‘ಊರುಕೇರಿ’ ಓದಿ ನಕ್ಕವರು

2021ರ ಜೂನ್ 11ರಂದು ಕವಿ ಸಿದ್ದಲಿಂಗಯ್ಯ ಕೊರೊನಾದಿಂದ ತೀರಿಕೊಂಡ ಸುದ್ದಿ ಬಂದಾಗ ಲಾಕ್‌ಡೌನ್ ಇನ್ನೂ ಮುಗಿದಿರಲಿಲ್ಲ. ಹಾರೋಹಳ್ಳಿ ಬಸ್‌ಸ್ಟ್ಯಾಂಡ್ ಹತ್ತಿರ ನಾಲ್ಕು ಜನ ನಿಂತು ಮಾತಾಡೋಣ ಅಂದರೂ ಒಂದು ಟೀ ಅಂಗಡಿ ತೆರೆದಿರಲಿಲ್ಲ. ಹಾಗಾಗಿ ಸಂತಾಪವೆಲ್ಲ ವಾಟ್ಸಾಪಿನಲ್ಲೇ ನಡೆಯಿತು. ನಮ್ಮ ಕಾಲೇಜಿನ ಹಳೆಯ ಗೆಳೆಯರ ಗುಂಪಿನಲ್ಲಿ ಒಬ್ಬೊಬ್ಬರೇ ಬರೆಯತೊಡಗಿದರು. ನಾನೂ ಬರೆದೆ: ‘ಅಷ್ಟೆಲ್ಲ ಅವಮಾನ ಉಂಡರೂ ಎಳ್ಳಷ್ಟೂ ಕಹಿಯಿಲ್ಲದೆ ಬರೆದ ದೊಡ್ಡ ಮನಸ್ಸು.’ ಬಹಳ ಜನ ಕೈಮುಗಿದ ಚಿತ್ರ ಹಾಕಿದರು.

ಒಬ್ಬ ಮಾತ್ರ ಹಾಕಲಿಲ್ಲ. ಕನಕಪುರ ಕಡೆಯವನು. ಕಾಲೇಜಿನಲ್ಲಿ ಮೂರು ವರ್ಷ ನಾವಿಬ್ಬರೂ ಒಂದೇ ಬಸ್ಸು, ಒಂದೇ ಬೆಂಚು. ಅವನ ಮನೆ ಕೇರಿಯಲ್ಲಿ, ನನ್ನದು ಊರಲ್ಲಿ. ರಾತ್ರಿ ಅವನಿಂದ ನನಗೊಬ್ಬನಿಗೇ ಒಂದು ಸಾಲು ಬಂತು: ‘ಕಹಿ ಇಲ್ಲ ಅಂತ ನಿಂಗ್ಯಾರು ಹೇಳಿದ್ದು? ಶುರುವಿನ ಪುಟ ಇನ್ನೊಂದ್ಸಲ ಓದು ಮಗಾ.’

ಓದಿದೆ. ಆಮೇಲೂ ನಾಲ್ಕೈದು ಸಲ ಓದಿದ್ದೇನೆ. ಈ ಬರಹ ಆ ಓದಿನ ಲೆಕ್ಕ.

ಸಿದ್ದಲಿಂಗಯ್ಯ ನಮಗೆ ದೂರದವರಲ್ಲ. 1954ರಲ್ಲಿ ಹುಟ್ಟಿದ್ದು ಮಾಗಡಿ ತಾಲ್ಲೂಕಿನ ಮಂಚನಬೆಲೆಯಲ್ಲಿ. ಅಲ್ಲಿ ಅಣೆಕಟ್ಟೆಯಲ್ಲಿ ನಿಲ್ಲುವ ಅರ್ಕಾವತಿ ಆಮೇಲೆ ರಾಮನಗರ, ಕನಕಪುರ ದಾಟಿ ಸಂಗಮದಲ್ಲಿ ಕಾವೇರಿ ಸೇರುತ್ತದೆ. ಅವರ ಆತ್ಮಕಥೆ ‘ಊರುಕೇರಿ’ಯ ಮೊದಲ ಭಾಗ 1990ರ ದಶಕದಲ್ಲಿ ಬಂತು. ತೆಳ್ಳನೆ ಪುಸ್ತಕ, ಒಂದು ಮಧ್ಯಾಹ್ನಕ್ಕೆ ಮುಗಿಯುತ್ತದೆ. ಮಂಚನಬೆಲೆಯ ಗುಡಿಸಲಿನಿಂದ ಬೆಂಗಳೂರಿನ ಶ್ರೀರಾಮಪುರಕ್ಕೆ, ಗೋಪಾಲಪುರದ ಹಾಸ್ಟೆಲಿಗೆ, ಅಲ್ಲಿಂದ ಭಾಷಣ, ಕವಿತೆ, ಚಳವಳಿಗೆ ಬಂದ ಹುಡುಗನ ಕಥೆ. ಓದಲು ಜಾಗವಿಲ್ಲದೆ ಸ್ಮಶಾನದಲ್ಲಿ ಕೂತು ಓದುತ್ತಿದ್ದುದನ್ನು ಅವರು ಹೇಳುವ ಧಾಟಿ ನೋಡಿದರೆ, ಸ್ಮಶಾನಕ್ಕಿಂತ ಒಳ್ಳೆ ಲೈಬ್ರರಿ ಇಲ್ಲವೇನೋ ಅನ್ನಿಸಬೇಕು. ಕಾಲೇಜಿನಲ್ಲಿ ನಾನು ಅದನ್ನು ಬಸ್ಸಿನಲ್ಲಿ ಗಟ್ಟಿಯಾಗಿ ಓದಿ ಹೇಳಿದ್ದೆ. ಪಕ್ಕದಲ್ಲಿದ್ದ ಗೆಳೆಯನೂ ನಕ್ಕಿದ್ದ. ನಾವಿಬ್ಬರೂ ಒಂದಕ್ಕೇ ನಕ್ಕೆವು ಅಂತ ನಾನು ಅಂದುಕೊಂಡಿದ್ದೆ.

ಹೆಸರಿನಿಂದಲೇ ಶುರು ಮಾಡೋಣ. ‘ಊರುಕೇರಿ’ ಅನ್ನೋದು ನಮಗೆ ಜೋಡುನುಡಿ. ‘ಹಸು ಕಾಣ್ತಿಲ್ಲ, ಊರುಕೇರಿ ಎಲ್ಲ ಹುಡುಕಿದೆ’ ಅಂತೀವಿ. ಮನೆಮಠ, ಹೊಲಗದ್ದೆ ಅಂದ ಹಾಗೆ ಬಾಯಲ್ಲಿ ಒಟ್ಟಿಗೇ ಬರುತ್ತದೆ. ನೆಲದ ಮೇಲೆ ಹಾಗಿಲ್ಲ. ನಮ್ಮ ಕಡೆಯ ಯಾವ ಹಳ್ಳಿಗೆ ಹೋದರೂ ಊರು ಒಂದು ಕಡೆ, ಕೇರಿ ಒಂದು ಕಡೆ, ನಡುವೆ ಒಂದು ಹಳ್ಳವೋ, ರಸ್ತೆಯೋ, ಹುಣಸೇ ತೋಪೋ ಇರುತ್ತದೆ. ಈಗ ಕೇರಿಗೆ ‘ಕಾಲೋನಿ’ ಅನ್ನುತ್ತೇವೆ, ಸಿಮೆಂಟ್ ರಸ್ತೆಯೂ ಆಗಿದೆ. ನಡುವಿನ ಜಾಗ ಹಾಗೇ ಇದೆ. ಭಾಷೆ ಒಟ್ಟಿಗೆ ಕೂರಿಸಿದ ಎರಡು ಪದ ನೆಲದ ಮೇಲೆ ಒಟ್ಟಿಗೆ ಕೂತಿಲ್ಲ ಅನ್ನುವುದನ್ನು ಪುಸ್ತಕದ ಹೆಸರೇ ಹೇಳುತ್ತದೆ. ನಾನು ಇಷ್ಟು ವರ್ಷ ಅದನ್ನು ಒಂದೇ ಪದ ಅಂತ ಓದಿದ್ದೆ.

ಇನ್ನು ಶುರುವಿನ ಪುಟ. ಮಕ್ಕಳು ಆಡುತ್ತಿದ್ದಾರೆ. ಹೊಲದಲ್ಲಿ ಉಳುಮೆ ನಡೆದಿದೆ. ನೊಗಕ್ಕೆ ಎತ್ತಿಲ್ಲ, ಇಬ್ಬರು ಮನುಷ್ಯರು ಹೆಗಲು ಕೊಟ್ಟಿದ್ದಾರೆ, ಹಿಂದೆ ಒಬ್ಬ ನೇಗಿಲು ಹಿಡಿದಿದ್ದಾನೆ. ಮಕ್ಕಳಿಗೆ ಅದು ತಮಾಷೆ. ಆಮೇಲೆ ಗೊತ್ತಾಗುತ್ತದೆ, ನೊಗ ಹೊತ್ತವರಲ್ಲಿ ಒಬ್ಬರು ಬರೆಯುತ್ತಿರುವವರ ಅಪ್ಪ. ಅಷ್ಟೇ. ಲೇಖಕರು ಅಲ್ಲಿ ನಿಂತು ‘ಎಂಥಾ ಅನ್ಯಾಯ ನೋಡಿ’ ಅನ್ನುವುದಿಲ್ಲ. ಹುಡುಗನಿಗೆ ಆದ ಸಂಕಟವನ್ನು ಚಿಕ್ಕದಾಗಿ ಹೇಳಿ ಮುಂದೆ ಹೋಗುತ್ತಾರೆ.

‘ಕಹಿಯಿಲ್ಲ’ ಅನ್ನುವ ಮಾತು ಹುಟ್ಟುವುದು ಇಲ್ಲೇ. ನಾವು ಊರಿನ ಓದುಗರು ಈ ಪುಟದಲ್ಲಿ ಬೈಗುಳಕ್ಕೆ ಕಾಯುತ್ತೇವೆ. ಬೈದರೆ ಸ್ವಲ್ಪ ಹೊತ್ತು ತಲೆ ತಗ್ಗಿಸೋಣ, ಇಲ್ಲಾ ವಾದ ಮಾಡೋಣ ಅಂತ ಸಿದ್ಧವಾಗಿರುತ್ತೇವೆ. ಬೈಗುಳ ಬರುವುದಿಲ್ಲ. ಅಬ್ಬಾ ಅಂತ ಉಸಿರು ಬಿಡುತ್ತೇವೆ. ಆ ಉಸಿರಿಗೇ ‘ದೊಡ್ಡ ಮನಸ್ಸು’ ಅಂತ ಹೆಸರಿಡುತ್ತೇವೆ. ದೊಡ್ಡ ಮನಸ್ಸು ಅಂತ ನಾನು ಬರೆದದ್ದು ಅವರ ಬಗ್ಗೆ ಅಲ್ಲ, ನನಗಾದ ನೆಮ್ಮದಿಯ ಬಗ್ಗೆ.

ಕನ್ನಡದಲ್ಲಿ ದಲಿತ ಲೇಖಕರಿಗೆ ಬರುವ ಹೊಗಳಿಕೆಯಲ್ಲಿ ಒಂದು ವಿಚಿತ್ರವಿದೆ. ಬರವಣಿಗೆ ಹೇಗಿದೆ ಅನ್ನುವ ಮೊದಲು ನಡತೆ ಹೇಗಿದೆ ಅಂತ ಹೇಳುತ್ತೇವೆ. ದ್ವೇಷವಿಲ್ಲ, ರೊಚ್ಚಿಲ್ಲ, ಸಂಯಮವಿದೆ. ಹೈಸ್ಕೂಲು ಬಿಡುವಾಗ ಟಿ.ಸಿ. ಮೇಲೆ ‘ನಡತೆ: ತೃಪ್ತಿಕರ’ ಅಂತ ಬರೆದುಕೊಡುತ್ತಾರಲ್ಲ, ಹಾಗೆ. ಬೇರೆ ಯಾವ ಕವಿಗೆ ನಾವು ಈ ಸರ್ಟಿಫಿಕೇಟು ಕೊಡುತ್ತೇವೆ? ಕೋಪಿಷ್ಠ ಬರಹಗಾರರು ಎಷ್ಟೋ ಮಂದಿ ಇದ್ದಾರೆ, ಅವರ ಕೋಪಕ್ಕೆ ‘ಪ್ರಖರತೆ’ ಅಂತೀವಿ.

ಅಷ್ಟಕ್ಕೂ ಈ ಸರ್ಟಿಫಿಕೇಟು ಸುಳ್ಳು. ಸಿದ್ದಲಿಂಗಯ್ಯನವರ ಮೊದಲ ಕವನ ಸಂಕಲನ ‘ಹೊಲೆಮಾದಿಗರ ಹಾಡು’ ಬಂದದ್ದು 1975ರಲ್ಲಿ. ಆಗ ಅವರಿಗೆ ಇಪ್ಪತ್ತೊಂದರ ಆಸುಪಾಸು. ಅದನ್ನು ಓದಿದ ಯಾರೂ ‘ಕಹಿಯಿಲ್ಲ’ ಅನ್ನಲಾರರು. ಮೆರವಣಿಗೆಯಲ್ಲಿ ಕೂಗಲಿಕ್ಕೆಂದೇ ಹುಟ್ಟಿದ ಹಾಡುಗಳು ಅದರಲ್ಲಿವೆ, ಹೊಡಿ ಬಡಿ ಅನ್ನುವ ಭಾಷೆಯೇ ಅದರ ಜೀವ. ಹಳೇ ಮೈಸೂರು ಕಡೆಯ ಕೇರಿಯ ಮಾತು ಅಷ್ಟು ಗಟ್ಟಿಯಾಗಿ ಕನ್ನಡ ಕಾವ್ಯದೊಳಗೆ ಅದಕ್ಕೂ ಮೊದಲು ಬಂದಿರಲಿಲ್ಲ. ಅದೇ ಮನುಷ್ಯ ಇಪ್ಪತ್ತು ವರ್ಷದ ಮೇಲೆ ಆತ್ಮಕಥೆ ಬರೆದಾಗ ನಗಿಸಿದರು. ನಾವು ಎರಡನೆಯದನ್ನು ಇಟ್ಟುಕೊಂಡು ಮೊದಲನೆಯದನ್ನು ಮರೆತೆವು.

ನಡುವೆ ಏನಾಯಿತು? ನನ್ನ ಊಹೆ ಹೀಗೆ. 1973ರ ನವೆಂಬರಿನಲ್ಲಿ, ಅರಸು ಅವರ ಸಂಪುಟದಲ್ಲಿ ಮಂತ್ರಿಯಾಗಿದ್ದ ಬಿ. ಬಸವಲಿಂಗಪ್ಪನವರು ಮೈಸೂರಿನಲ್ಲಿ, ಕನ್ನಡ ಸಾಹಿತ್ಯದ ಬಹುಪಾಲು ‘ಬೂಸಾ’ ಎಂಬರ್ಥದ ಮಾತಾಡಿದರು. ಊರೂರಲ್ಲಿ ಗಲಾಟೆ, ದಲಿತ ವಿದ್ಯಾರ್ಥಿಗಳ ಮೇಲೆ ಹಲ್ಲೆ. ಕೊನೆಗೆ ಅವರು ಮಂತ್ರಿಗಿರಿ ಬಿಡಬೇಕಾಯಿತು. ಸಾಹಿತ್ಯ ಬೂಸಾ ಅಂತ ಬೇರೆ ಯಾರಾದರೂ ಅಂದಿದ್ದರೆ ಒಂದು ವಿಚಾರಸಂಕಿರಣ ಆಗುತ್ತಿತ್ತು, ಅಷ್ಟೇ. ಆ ಗಲಾಟೆಯ ನಡುವೆ ನಿಂತವರಲ್ಲಿ ಹುಡುಗ ಸಿದ್ದಲಿಂಗಯ್ಯನೂ ಒಬ್ಬ. ಮುಂದೆ ದಲಿತ ಸಂಘರ್ಷ ಸಮಿತಿ ಕಟ್ಟಿದ ತಲೆಮಾರು ಅದರಿಂದಲೇ ಎದ್ದು ಬಂತು. ನೇರ ಮಾತಿಗೆ ಕೇರಿಯವನು ತೆರಬೇಕಾದ ಬೆಲೆ ಎಷ್ಟು ಅಂತ ಕಣ್ಣಾರೆ ನೋಡಿದವರು ಅವರು. ಆ ಬೆಲೆ ಗೊತ್ತಿದ್ದೂ 1975ರಲ್ಲಿ ನೇರವಾಗಿ ಹಾಡಿದರು. ಆಮೇಲೆ ಊರಿನವರ ಮನೆಯೊಳಕ್ಕೇ ಹೋಗಬಲ್ಲ ಇನ್ನೊಂದು ದಾರಿ ಹುಡುಕಿದರು. ನಗು ಆ ದಾರಿ. ಕೋಪ ಹೋಗಿರಲಿಲ್ಲ, ದಾರಿ ಬದಲಾಗಿತ್ತು.

ವಿಮರ್ಶಕ ಡಿ.ಆರ್. ನಾಗರಾಜ್ ‘ಊರುಕೇರಿ’ ಬಗ್ಗೆ ಬರೆಯುತ್ತಾ ಬಡವರ ನಗುವಿಗಿರುವ ಶಕ್ತಿಯನ್ನು ಗುರುತಿಸಿದರು. ಉಳ್ಳವರು ಬಡವರನ್ನು ನೋಡುವುದು ಒಂದೋ ಭಯದಿಂದ, ಇಲ್ಲಾ ಮರುಕದಿಂದ. ನಗುವ ಬಡವನನ್ನು ಎರಡೂ ರೀತಿಯಲ್ಲಿ ನೋಡಲಾಗುವುದಿಲ್ಲ. ನಾಗರಾಜರ ಮಾತನ್ನು ನಾನು ಹೀಗೆ ಅರ್ಥ ಮಾಡಿಕೊಂಡಿದ್ದೇನೆ, ಒಪ್ಪುತ್ತೇನೆ ಕೂಡ. ಆದರೆ ಅದು ಕೇರಿಯ ಕಡೆಯಿಂದ ನಗುವನ್ನು ನೋಡಿದ್ದು. ಅದೇ ನಗು ಊರಿಗೆ ಬಂದ ಮೇಲೆ ಏನಾಯಿತು ಅನ್ನುವುದು ನನ್ನ ಪ್ರಶ್ನೆ. ನಮ್ಮ ಕೈಗೆ ಸಿಕ್ಕ ಕೂಡಲೇ ಅದು ನಮ್ಮ ಮೇಲೇನೂ ಕೇಸಿಲ್ಲ ಅನ್ನುವುದಕ್ಕೆ ಸಾಕ್ಷಿಯಾಯಿತು.

ನಮ್ಮ ಮನೆಯ ಒಂದು ಉದಾಹರಣೆ ಕೊಡಬೇಕು. ಹಾರೋಹಳ್ಳಿಯಿಂದ ನಮ್ಮೂರಿಗೆ ಸ್ವಲ್ಪವೇ ದೂರ. ಒಕ್ಕಲುತನದ ಮನೆ. ನಾನು ಚಿಕ್ಕವನಿದ್ದಾಗ ಕೊಟ್ಟಿಗೆಯ ಸೂರಿನಲ್ಲಿ ಒಂದು ಅಲ್ಯೂಮಿನಿಯಂ ಲೋಟ ಸಿಕ್ಕಿಸಿರುತ್ತಿತ್ತು. ನಮ್ಮಲ್ಲಿ ಒಬ್ಬರು ದುಡಿಯುತ್ತಿದ್ದರು. ಈಗ ‘ಒಬ್ಬರು’ ಅಂತ ಬರೆಯುತ್ತಿದ್ದೇನೆ, ಆಗ ಹಾಗೆ ಅಂದವರೇ ಇಲ್ಲ. ಹತ್ತು ವರ್ಷದ ನಾನು ಅವರನ್ನು ‘ಬಾರೋ’ ಅಂತಲೇ ಕರೆಯುತ್ತಿದ್ದೆ, ನಮ್ಮಜ್ಜನ ವಯಸ್ಸಿನ ಅವರು ನನಗೆ ‘ಚಿಕ್ಕಗೌಡ್ರೇ’ ಅನ್ನುತ್ತಿದ್ದರು. ಅವರೇ ಲೋಟ ಇಳಿಸಿ, ತೊಳೆದು, ಹಿಡಿಯುತ್ತಿದ್ದರು. ಅಜ್ಜಿ ಮೇಲಿನಿಂದ ಕಾಫಿ ಹುಯ್ಯುತ್ತಿದ್ದರು. ಆ ಲೋಟ ಹೋಯಿತಲ್ಲ, ಯಾವಾಗ ಹೋಯಿತು ಅಂತ ಅಮ್ಮನನ್ನು ಕೇಳಿದೆ. ‘ಈ ಪೇಪರ್ ಲೋಟ ಬಂದ್ವಲ್ಲ, ಆಗ’ ಅಂದರು.

1950ರ ಸಂವಿಧಾನದ 17ನೇ ವಿಧಿ ಆ ಲೋಟ ಇಳಿಸಲಿಲ್ಲ. 1955ರ ಕಾಯ್ದೆ ಇಳಿಸಲಿಲ್ಲ, 1989ರ ದೌರ್ಜನ್ಯ ತಡೆ ಕಾಯ್ದೆಯೂ ಇಳಿಸಲಿಲ್ಲ. ಕುಡಿದು ಬಿಸಾಕುವ ಲೋಟ ಇಳಿಸಿತು. ಯಾರೂ ಯಾರ ಎಂಜಲೂ ತೊಳೆಯಬೇಕಿಲ್ಲ ಅಂದ ಮೇಲೆ, ಮನಸ್ಸು ಬದಲಾಯಿಸುವ ಕೆಲಸವೇ ತಪ್ಪಿತು. ಅಪ್ಪ ಈಗ ಧೈರ್ಯವಾಗಿ ಹೇಳುತ್ತಾರೆ: ‘ಈಗೆಲ್ಲೈತೆ ಜಾತಿ? ಹೋಟ್ಲಲ್ಲಿ ಎಲ್ರೂ ಒಂದೇ ಲೋಟದಲ್ಲಿ ಕುಡೀತಾರಪ್ಪ.’ ಇದು ಸಿದ್ದಲಿಂಗಯ್ಯನವರ ಕೈಗೆ ಸಿಕ್ಕಿದ್ದರೆ ಎಷ್ಟು ಚೆನ್ನಾಗಿ ನಗಿಸುತ್ತಿದ್ದರೋ!

ಇದನ್ನು ಹೇಳಿದ್ದು ಯಾಕೆಂದರೆ, ನಮ್ಮ ಸುಧಾರಣೆಗಳ ಸ್ವಭಾವವೇ ಹೀಗೆ. ಲೋಟ, ದೇವಸ್ಥಾನ, ಕ್ಷೌರದಂಗಡಿ, ಇವು ಕಣ್ಣಿಗೆ ಕಾಣುತ್ತವೆ. ಇವು ಸಣ್ಣವು ಅಂತ ನಾನು ಹೇಳುತ್ತಿಲ್ಲ. ಸಿದ್ದಲಿಂಗಯ್ಯ ಡಾಕ್ಟರೇಟ್ ಮಾಡಿದ್ದೇ ಗ್ರಾಮದೇವತೆಗಳ ಮೇಲೆ, ಆ ದೇವರುಗಳು ಬಡವರ ಪಕ್ಕದ ಮನೆಯವರ ಹಾಗೆ ಅನ್ನುವ ಪ್ರೀತಿ ಅವರಿಗಿತ್ತು. ಅಂಥದೇ ಒಬ್ಬ ಊರದೇವತೆ ಭೂತಮ್ಮನ ಉತ್ಸವದಲ್ಲಿ, 2022ರಲ್ಲಿ, ಕೋಲಾರ ಜಿಲ್ಲೆ ಮಾಲೂರು ತಾಲ್ಲೂಕಿನ ಉಳ್ಳೇರಹಳ್ಳಿಯ ದಲಿತ ಹುಡುಗನೊಬ್ಬ ದೇವರ ಕೋಲು ಮುಟ್ಟಿದ ಅಂತ ಅವನ ಮನೆಯವರಿಗೆ 60,000 ರೂಪಾಯಿ ದಂಡ ಹಾಕಿದರು. ಹಾಗಾಗಿ ದೇವಸ್ಥಾನದ ಬಾಗಿಲು ಸಣ್ಣ ವಿಷಯವಲ್ಲ. ಆದರೆ ಪ್ರತಿ ಸಲವೂ ಕೇಸು, ಶಾಂತಿ ಸಭೆ, ಒಟ್ಟಿಗೆ ನಿಂತ ಫೋಟೋ. ಕೇರಿಯವರು ಊರೊಳಗೆ ಎಷ್ಟು ಹೆಜ್ಜೆ ಬರಬಹುದು ಅನ್ನುವುದೇ ಯಾವಾಗಲೂ ಚರ್ಚೆ. ನೊಗದ ಪುಟದಲ್ಲಿರುವ ಹೊಲದ ಮಾತು ಅಲ್ಲಿ ಬರುವುದೇ ಇಲ್ಲ.

ಗೆಳೆಯನಿಗೆ ಆ ಪುಟ ಮತ್ತೆ ಓದಿದೆ ಅಂತ ಫೋನ್ ಮಾಡಿದಾಗ ಅವನು ಕೇಳಿದ್ದೂ ಅದನ್ನೇ. ‘ನೊಗ ನೋಡ್ದೆ, ಅಪ್ಪನ್ನ ನೋಡ್ದೆ, ಮರುಗ್ದೆ. ಸರಿ. ಆ ಹೊಲ ಇವತ್ತು ಯಾರ ಹೆಸರಲ್ಲೈತೆ?’

ಈ ಪ್ರಶ್ನೆ ಇಟ್ಟುಕೊಂಡು ನೋಡಿದರೆ ‘ಊರುಕೇರಿ’ಯ ಒಂದು ಕೊರತೆಯೂ ಕಾಣುತ್ತದೆ. ಅದನ್ನು ಮುಚ್ಚಿಡುವುದು ಲೇಖಕರಿಗೆ ಮಾಡುವ ಮರ್ಯಾದೆಯಲ್ಲ. ಹುಡುಗ ಬೆಂಗಳೂರಿಗೆ ಹೋದ ಮೇಲೆ ಹೊಲ ಹಿಂದೆ ಉಳಿಯುತ್ತದೆ. ಶ್ರೀರಾಮಪುರ, ಹಾಸ್ಟೆಲು, ವೇದಿಕೆ ಬಂದ ಹಾಗೆ ಕಥೆ ಮಾತಿನ ಲೋಕಕ್ಕೆ ಸರಿಯುತ್ತದೆ. ಆಮೇಲೆ ಬಂದ ಎರಡು ಮತ್ತು ಮೂರನೇ ಭಾಗಗಳಲ್ಲಂತೂ ವಿಧಾನಪರಿಷತ್ತು, ಸಭೆ ಸಮಾರಂಭಗಳ ಸ್ವಾರಸ್ಯವೇ ಹೆಚ್ಚು. ಅಲ್ಲಿನ ನಗು ಚೆನ್ನಾಗಿದೆ, ಆದರೆ ಅದು ನನಗೆ ಊಟದ ನಂತರದ ನಗು ಅನ್ನಿಸಿತು. ಮೊದಲ ಭಾಗದ ನಗುವಿನ ಹಿಂದೆ ಹಸಿವಿತ್ತು. ಕೇರಿಯಲ್ಲೇ ಉಳಿದು ಕೂಲಿ ಮಾಡಿದ ಹೆಂಗಸರೂ ಅಷ್ಟು ಹೊತ್ತಿಗೆ ಕಥೆಯ ಅಂಚಿಗೆ ಹೋಗಿರುತ್ತಾರೆ. ಹಾಸ್ಟೆಲು, ಓದು, ಕೆಲಸ ಹಿಡಿದು ಕೆಲವರು ಹೊರಟರು. ಹೊರಡದೆ ಉಳಿದವರಿಗೆ ಏನು ಅನ್ನುವುದಕ್ಕೆ ಪುಸ್ತಕದಲ್ಲಿ ಉತ್ತರ ಸಿಗುವುದಿಲ್ಲ.

ಆ ಉತ್ತರ ಕಂದಾಯ ಇಲಾಖೆಯ ಕಡತದಲ್ಲಿದೆ. 1974ರ ಭೂಸುಧಾರಣೆಯನ್ನು ನಾವು ಹೆಮ್ಮೆಯಿಂದ ನೆನೆಯುತ್ತೇವೆ. ಉಳುವವನೇ ಒಡೆಯ. ಆದರೆ ಫಾರಂ ನಂಬರ್ 7 ಹಾಕಲು ಗೇಣಿದಾರನಾಗಿರಬೇಕಿತ್ತು. ನೊಗಕ್ಕೆ ಹೆಗಲು ಕೊಟ್ಟವನು ಗೇಣಿದಾರನಲ್ಲ, ಕೂಲಿ. ಅವನು ಉತ್ತಿದ್ದು ನಿಜ, ಕಾಯ್ದೆಯ ಕಣ್ಣಿಗೆ ಮಾತ್ರ ‘ಉಳುವವನು’ ಅಲ್ಲ. ನಮ್ಮಂಥ ಒಕ್ಕಲು ಮನೆಗಳಿಗೆ ಆ ಕಾಯ್ದೆಯಿಂದ ಅನುಕೂಲವಾಯಿತು. ಕೇರಿಗೆ ಭೂಮಿ ಬಂದದ್ದು ಹೆಚ್ಚಾಗಿ ಸರ್ಕಾರದ ಮಂಜೂರಾತಿಯಿಂದ, ಅಲ್ಲೊಂದು ಇಲ್ಲೊಂದು ಎಕರೆ. ಅದೂ ಕೈಬಿಟ್ಟು ಹೋಗುತ್ತಿತ್ತು ಅಂತಲೇ 1978ರಲ್ಲಿ ಅಂಥ ಜಮೀನು ಪರಭಾರೆ ಮಾಡುವುದನ್ನು ತಡೆಯುವ ಕಾಯ್ದೆ ಬಂತು, ಹಳ್ಳಿ ಬಾಯಲ್ಲಿ ‘ಪಿಟಿಸಿಎಲ್’. ಸರ್ಕಾರದ ಅನುಮತಿ ಇಲ್ಲದೆ ಕೊಂಡರೆ ಕೊಂಡಿದ್ದು ಊರ್ಜಿತವಲ್ಲ. ಆದರೂ ಕೊಂಡರು. 2017ರಲ್ಲಿ ಸುಪ್ರೀಂ ಕೋರ್ಟು, ಜಮೀನು ವಾಪಸ್ ಕೇಳುವವರು ಯುಕ್ತ ಸಮಯದೊಳಗೆ ಕೇಳಬೇಕು ಅಂದಿತು. ತೀರಾ ತಡವಾಯಿತು ಅಂತ ಎಷ್ಟೋ ಅರ್ಜಿಗಳು ಬಿದ್ದುಹೋದವು. 2023ರಲ್ಲಿ ರಾಜ್ಯ ಸರ್ಕಾರ, ಅರ್ಜಿಗೆ ಕಾಲಮಿತಿ ಇಲ್ಲ ಅಂತ ಕಾಯ್ದೆ ತಿದ್ದಿತು.

ಹಾರೋಹಳ್ಳಿಯಲ್ಲಿ ನಿಂತು ಇದನ್ನು ಓದುವುದೇ ಬೇರೆ. ಇಲ್ಲಿ ಕೆಐಎಡಿಬಿ ಕೈಗಾರಿಕಾ ಪ್ರದೇಶ ಬಂದಿದೆ, ಕನಕಪುರ ರಸ್ತೆಯ ಉದ್ದಕ್ಕೂ ಲೇಔಟಿನ ಬೋರ್ಡುಗಳಿವೆ. ರಾಗಿ ಬೆಳೆಯುವ ನೆಲಕ್ಕೆ ಚದರಡಿ ಲೆಕ್ಕ ಬಂದಿದೆ. ಇಂಥ ಕಡೆ ‘ಆ ಹೊಲ ಯಾರ ಹೆಸರಲ್ಲಿದೆ’ ಅನ್ನುವುದು ಸಾಹಿತ್ಯದ ಪ್ರಶ್ನೆಯಲ್ಲ ಅಂತ ಯಾರಾದರೂ ಅಂದರೆ ನಾನು ಒಪ್ಪುವುದಿಲ್ಲ.

ಇಷ್ಟು ಹೇಳಿದ ಮೇಲೆ ಉಳಿದದ್ದನ್ನೂ ಹೇಳಬೇಕು. ನಮ್ಮನೆಯಲ್ಲೂ ಒಂದು ಎಕರೆ ಇಪ್ಪತ್ತು ಗುಂಟೆ ಇದೆ. ಸೂರಿನ ಲೋಟದವರಿಗೆ ಮಂಜೂರಾಗಿದ್ದ ಜಮೀನು. ಮಗಳ ಮದುವೆಗೆ ಅಂತ ಅವರು ನಮ್ಮಜ್ಜನ ಹತ್ತಿರ ದುಡ್ಡು ತಗೊಂಡರು, ಬಿಳಿ ಹಾಳೆ ಮೇಲೆ ಹೆಬ್ಬೆಟ್ಟು ಒತ್ತಿದರು. ಇದು 1978 ಆದ ಮೇಲಿನ ಮಾತು. ಅಲ್ಲಿಂದ ನಾವೇ ಉಳುತ್ತಿದ್ದೇವೆ. ಆ ಹೊಲದಲ್ಲಿ ಅವರು ಸಾಯುವ ತನಕ ಕೂಲಿ ಮಾಡಿದರು. ತಮ್ಮದೇ ಹೊಲದಲ್ಲಿ! ನಾನು ಕಾಲೇಜಿಗೆ ಫೀಸು ಕಟ್ಟಿದ್ದೂ, ‘ಊರುಕೇರಿ’ ಕೊಂಡದ್ದೂ ಆ ಬೆಳೆಯ ದುಡ್ಡಲ್ಲೇ ಇರಬಹುದು.

ಈಚೆಗೆ ಅವರ ಮೊಮ್ಮಗ ಮನೆಗೆ ಬಂದಿದ್ದ. ಜಗಲಿ ಮೇಲೆ ಕೂತ. ಅಮ್ಮ ಸ್ಟೀಲ್ ಲೋಟದಲ್ಲೇ ಕಾಫಿ ಕೊಟ್ಟರು. ‘ಅಣ್ಣಾ, ತಾತನ ಮಂಜೂರಾತಿ ಕಾಗ್ದ ನಿಮ್ಮನೇಲಿ ಇರ್ಬೇಕಂತೆ, ಒಂದು ಜೆರಾಕ್ಸ್ ಬೇಕಿತ್ತು’ ಅಂದ. ಅಪ್ಪ ಒಳಗಿಂದಲೇ, ‘ಹಳೇ ಕಾಗ್ದ ಎಲ್ಲ ಗೆದ್ಲು ತಿಂದ್ಹೋಯ್ತು ಕಣಪ್ಪ’ ಅಂದರು. ಹುಡುಗ ನನ್ನ ಮುಖ ನೋಡಿದ. ನಾನು ಸುಮ್ಮನಿದ್ದೆ. ಅವನು ಬೈಯಲಿಲ್ಲ. ನಗುತ್ತಾ, ‘ಸರಿ ಬುಡಿ ಗೌಡ್ರೇ, ಇನ್ನೊಂದ್ಸಲ ಬತ್ತೀನಿ’ ಅಂತ ಹೇಳಿ ಹೋದ.

ಅವನ ಆ ನಗುವನ್ನು ‘ಕಹಿಯಿಲ್ಲದ್ದು’ ಅಂತ ಕರೆಯುವ ಧೈರ್ಯ ನನಗಿಲ್ಲ. ಊರಿನವರ ಜಗಲಿ ಮೇಲೆ ಕೂತು ಕೇರಿಯವನು ತನ್ನದನ್ನು ಕೇಳಬೇಕಾದಾಗ ನಗುವುದು ಹೇಗೆ ಅಂತ ಅವನಿಗೆ ಗೊತ್ತು. ಸಿದ್ದಲಿಂಗಯ್ಯನವರಿಗೂ ಗೊತ್ತಿತ್ತು. ಅವರ ಪುಸ್ತಕದ ತುಂಬ ಇರುವುದು ಅಂಥ ನಗು. ಪ್ರತಿ ನಗುವಿನ ಹಿಂದೆ ಒಂದು ಕೇಳಿಕೆ ಇದೆ. ನಾವು ನಗುವನ್ನು ಕೇಳಿಸಿಕೊಂಡೆವು, ಕೇಳಿಕೆಯನ್ನು ಕೇಳಿಸಿಕೊಳ್ಳಲಿಲ್ಲ.

‘ಊರುಕೇರಿ’ ಓದದವರು ಓದಿ. ಊರಿನ ಕಡೆಯವರಾದರೆ, ಚೆನ್ನಾಗಿ ನಗಿ, ನಗದೆ ಓದಲು ಸಾಧ್ಯವೇ ಇಲ್ಲ. ಮುಗಿದ ಮೇಲೆ ಶುರುವಿನ ಪುಟಕ್ಕೆ ಬನ್ನಿ. ಬಂದು ನಿಮ್ಮನೆಯ ಪಹಣಿ ಒಂದ್ಸಲ ತೆಗೆದು ನೋಡಿ.

ಕಾಗದ ಗೆದ್ದಲು ತಿಂದಿಲ್ಲ. ಅಜ್ಜನ ಟ್ರಂಕಿನಲ್ಲಿತ್ತು, ತೆಗೆದಿಟ್ಟಿದ್ದೇನೆ. ಅಪ್ಪನ ಜೊತೆ ಎರಡು ಸಲ ಮಾತಾಯಿತು, ಎರಡು ಸಲವೂ ಜಗಳದಲ್ಲಿ ಮುಗಿಯಿತು. ‘ದುಡ್ಡು ಕೊಟ್ಟಿದೀವಿ ಕಣೋ, ಬಿಟ್ಟಿ ತಗೊಂಡಿಲ್ಲ’ ಅನ್ನುತ್ತಾರೆ. ಮೂರನೇ ಸಲ ಮಾತಾಡುವ ಮುಂಚೆ ಹಾರೋಹಳ್ಳಿಗೆ ಹೋಗಿ ಜೆರಾಕ್ಸ್ ಮಾಡಿಸಿಕೊಂಡು ಬಂದಿದ್ದೇನೆ. ಹುಡುಗ ಇನ್ನೊಂದು ಸಲ ಬರುತ್ತೇನೆ ಅಂದಿದ್ದಾನೆ. ಅವನು ಬರುವ ತನಕ ಯಾಕೆ ಕಾಯಬೇಕು ಅಂತ ಗೆಳೆಯ ಕೇಳುತ್ತಾನೆ. ಕೇರಿಗೆ ನಮ್ಮನೆಯಿಂದ ಐದು ನಿಮಿಷದ ದಾರಿ. ನಲವತ್ತು ದಾಟಿದ ನಾನು ಆ ದಾರಿಯಲ್ಲಿ ಇದುವರೆಗೆ ನಡೆದದ್ದು ಎಲೆಕ್ಷನ್ ಸಮಯದಲ್ಲಿ ಮಾತ್ರ.